ದೊಡ್ಡ ಅಣುವಿನ ಒಂಟಿ ವಕೀಲ

ಜರ್ಮನಿಯ ಹೆಸರಾಂತ ರಸಾಯನ ವಿಜ್ಞಾನಿ ಹೈನ್‌ರಿಷ್ ವೀಲಾಂಡ್ 1920ರ ದಶಕದಲ್ಲಿ ತನ್ನ ಸಹೋದ್ಯೋಗಿಯೊಬ್ಬನಿಗೆ ಒಂದು ಬುದ್ಧಿಮಾತು ಹೇಳಿದ. ದೊಡ್ಡ ಅಣುಗಳ ಕಲ್ಪನೆಯನ್ನು ಬಿಟ್ಟುಬಿಡಿ, 5,000ಕ್ಕಿಂತ ಹೆಚ್ಚು ಅಣುತೂಕವಿರುವ ಸಾವಯವ ಅಣುಗಳು ಇಲ್ಲವೇ ಇಲ್ಲ, ನಿಮ್ಮ ರಬ್ಬರನ್ನು ಚೆನ್ನಾಗಿ ಶುದ್ಧಿ ಮಾಡಿ ನೋಡಿ, ಅದು ಹರಳುಗಟ್ಟುತ್ತದೆ, ಆಗ ಅದೂ ಸಣ್ಣ ಅಣುಗಳ ವಸ್ತುವೇ ಎಂದು ತಿಳಿಯುತ್ತದೆ ಎಂಬುದು ಆ ಮಾತಿನ ಸಾರ. ಹೇಳಿದವನು ಸಾಮಾನ್ಯನಲ್ಲ, 1927ರ ನೊಬೆಲ್ ಪ್ರಶಸ್ತಿ ಪಡೆದವನು. ಮಾತಿನಲ್ಲಿ ದ್ವೇಷವೂ ಇರಲಿಲ್ಲ. ಒಳ್ಳೆಯ ಹೆಸರು ಮಾಡಿದ್ದ ವಿಜ್ಞಾನಿಯೊಬ್ಬ ದಾರಿ ತಪ್ಪುತ್ತಿದ್ದಾನಲ್ಲ ಎಂಬ ಕಾಳಜಿಯಿತ್ತು.

ಆ ಸಹೋದ್ಯೋಗಿಯ ಹೆಸರು ಹರ್ಮನ್ ಸ್ಟೌಡಿಂಗರ್. ಬುದ್ಧಿಮಾತನ್ನು ಆತ ಕೇಳಲಿಲ್ಲ. ಕೇಳಿದ್ದರೆ ಆತನ ಬದುಕು ಇನ್ನಷ್ಟು ಸುಗಮವಾಗಿರುತ್ತಿತ್ತು. ಆದರೆ ಹತ್ತಿ, ರೇಷ್ಮೆ, ಮರ, ಪಿಷ್ಟ, ರಬ್ಬರ್ ಇವೆಲ್ಲ ನಿಜಕ್ಕೂ ಏನು ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ತಡವಾಗುತ್ತಿತ್ತು. ಇಂದು ನೀರಿನ ಕೊಡದಿಂದ ಹಲ್ಲುಜ್ಜುವ ಬ್ರಷ್ಷಿನವರೆಗೆ ಮನೆಯ ತುಂಬ ಹರಡಿರುವ ಪಾಲಿಮರ್‌ಗಳ ವಿಜ್ಞಾನಕ್ಕೆ ಬುನಾದಿ ಹಾಕಿದವನು ಸ್ಟೌಡಿಂಗರ್. ಆತ ಯಾವುದೇ ಪ್ರಸಿದ್ಧ ಪ್ಲಾಸ್ಟಿಕ್ಕಿನ ಜನಕನಲ್ಲ. ಆತ ಕೊಟ್ಟದ್ದು ಒಂದು ವಿಚಾರ. ಅದನ್ನು ಲೋಕ ಒಪ್ಪಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಗಿಡಗಳ ಆಸೆ, ರಸಾಯನದ ದಾರಿ

ಸ್ಟೌಡಿಂಗರ್ ಹುಟ್ಟಿದ್ದು 1881ರ ಮಾರ್ಚ್ 23ರಂದು, ಜರ್ಮನಿಯ ವೋರ್ಮ್ಸ್ ಪಟ್ಟಣದಲ್ಲಿ. ತಂದೆ ಫ್ರಾಂಜ್ ತತ್ತ್ವಶಾಸ್ತ್ರ ಬಲ್ಲ ಅಧ್ಯಾಪಕ, ಸಹಕಾರ ಚಳವಳಿಯಲ್ಲಿ ಆಸಕ್ತಿಯಿದ್ದವನು. ಹುಡುಗನಿಗೆ ಸಸ್ಯಗಳ ಮೇಲೆ ಪ್ರೀತಿ. ಸಸ್ಯಶಾಸ್ತ್ರ ಓದಬೇಕೆಂಬ ಆಸೆ. ಸಸ್ಯಗಳನ್ನು ಚೆನ್ನಾಗಿ ತಿಳಿಯಬೇಕಾದರೆ ಮೊದಲು ರಸಾಯನ ವಿಜ್ಞಾನ ಕಲಿ ಎಂದು ಸಲಹೆ ಸಿಕ್ಕಿತು. ಕಲಿಯಲು ಹೋದವನು ಅಲ್ಲೇ ಉಳಿದ. 1903ರಲ್ಲಿ ಹಾಲೆ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ. 1905ರಲ್ಲಿ, ಇನ್ನೂ 24ರ ವಯಸ್ಸಿನಲ್ಲಿ, ಸ್ಟ್ರಾಸ್‌ಬರ್ಗಿನಲ್ಲಿ ಕೀಟೀನ್ ಎಂಬ ಹೊಸ ಬಗೆಯ ಸಂಯುಕ್ತಗಳನ್ನು ಕಂಡುಹಿಡಿದ. ಅಷ್ಟಕ್ಕೇ ಆತನ ಹೆಸರು ಪಠ್ಯಪುಸ್ತಕ ಸೇರುವಂತಾಯಿತು.

1907ರಲ್ಲಿ ಕಾರ್ಲ್ಸ್‌ರೂ, 1912ರಲ್ಲಿ ಜ್ಯೂರಿಕ್‌ನ ಪ್ರತಿಷ್ಠಿತ ತಾಂತ್ರಿಕ ಸಂಸ್ಥೆ. ಅಲ್ಲಿ ಆತನಿಗೆ ಸಿಕ್ಕಿದ್ದು ನೊಬೆಲ್ ವಿಜ್ಞಾನಿ ರಿಚರ್ಡ್ ವಿಲ್‌ಸ್ಟೇಟರ್ ತೆರವು ಮಾಡಿದ್ದ ಪೀಠ. ಕೀಟಗಳನ್ನು ಕೊಲ್ಲುವ ಪೈರೆಥ್ರಮ್ ಎಂಬ ಸೇವಂತಿಗೆ ಜಾತಿಯ ಹೂವಿನಲ್ಲಿರುವ ಸತ್ವ ಯಾವುದೆಂದು ಶಿಷ್ಯ ಲಿಯೊಪೋಲ್ಡ್ ರುಜಿಕಾನ ಜೊತೆ ಆತ ಬಿಡಿಸಿ ನೋಡಿದ. ಇಂದಿನ ಸೊಳ್ಳೆ ಬತ್ತಿಗಳಲ್ಲಿರುವ ಔಷಧಗಳ ವಂಶಾವಳಿ ಅಲ್ಲಿಂದ ಶುರುವಾಗುತ್ತದೆ. ಮೊದಲ ಮಹಾಯುದ್ಧದ ಕೊರತೆಯ ದಿನಗಳಲ್ಲಿ ಕೃತಕ ಮೆಣಸು ತಯಾರಿಸಿದ. ಮುಂದೆ ಇನ್ನೊಬ್ಬ ಶಿಷ್ಯ ಟಡೇಯಸ್ ರೈಕ್‌ಸ್ಟೈನ್ ಜೊತೆಗೂಡಿ ಹುರಿದ ಕಾಫಿಯ ಪರಿಮಳಕ್ಕೆ ಕಾರಣವಾದ ವಸ್ತುಗಳನ್ನು ಹುಡುಕಿದ. ಈ ಇಬ್ಬರು ಶಿಷ್ಯರಿಗೂ ಮುಂದೆ ನೊಬೆಲ್ ಬಂತು, ಅದೂ ಗುರುವಿಗಿಂತ ಮೊದಲು.

ಇಷ್ಟೆಲ್ಲ ಇದ್ದವನು ಸುಮಾರು 40ರ ವಯಸ್ಸಿಗೆ ಬರುವಾಗ ಈ ಕ್ಷೇತ್ರವನ್ನೆಲ್ಲ ಬದಿಗಿಟ್ಟು ರಬ್ಬರ್, ಅಂಟು, ರಾಳಗಳ ಬೆನ್ನು ಹತ್ತಿದ. ಪ್ರಯೋಗಾಲಯದ ಗಾಜಿನ ಪಾತ್ರೆಯ ತಳದಲ್ಲಿ ಮೆತ್ತಿಕೊಂಡು, ಹರಳಾಗದೆ, ಆವಿಯೂ ಆಗದೆ ಕಾಡುವ ಜಿಗುಟು ಪದಾರ್ಥಗಳನ್ನು ಆಗಿನ ರಸಾಯನ ವಿಜ್ಞಾನಿಗಳು ತೊಳೆದು ಎಸೆಯುತ್ತಿದ್ದರು. ಅದರ ಅಧ್ಯಯನಕ್ಕೆ ‘ಜಿಡ್ಡಿನ ರಸಾಯನ’ ಎಂಬ ಹಾಸ್ಯದ ಹೆಸರೂ ಇತ್ತು.

ಗೊತ್ತಿಲ್ಲದೆ ನಡೆದ ಉದ್ಯಮ

ವಿಚಿತ್ರವೆಂದರೆ ಆ ಹೊತ್ತಿಗೆ ಈ ಜಿಡ್ಡಿನ ಮೇಲೆ ದೊಡ್ಡ ಉದ್ಯಮಗಳೇ ನಿಂತಿದ್ದವು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲೇ ಗಂಧಕ ಸೇರಿಸಿ ರಬ್ಬರನ್ನು ಗಟ್ಟಿ ಮಾಡುವುದನ್ನು ಕಂಡುಕೊಂಡಿದ್ದ. ಸೆಲ್ಯುಲಾಯ್ಡ್‌ನಿಂದ ಬಾಚಣಿಗೆ, ಗುಂಡಿ, ಫಿಲ್ಮ್ ಸುರುಳಿಗಳು ಬರುತ್ತಿದ್ದವು. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಬೇಕಲೈಟ್ ತಯಾರಿಸಿದ್ದ. ಎಲ್ಲವೂ ಕೈ ಅಳತೆಯ, ಅನುಭವದ ವಿದ್ಯೆ. ಅಡುಗೆ ಬಲ್ಲವರು ಹದ ಹಿಡಿದಂತೆ ಕಾರ್ಖಾನೆಯವರೂ ಹದ ಹಿಡಿಯುತ್ತಿದ್ದರು. ಆ ವಸ್ತುಗಳ ಒಳಗೆ ಏನಿದೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಅಣುವೊಂದರ ಗಾತ್ರವನ್ನು ವಿಜ್ಞಾನಿಗಳು ಅಣುತೂಕದಿಂದ ಹೇಳುತ್ತಾರೆ. ಅತ್ಯಂತ ಹಗುರವಾದ ಜಲಜನಕದ ಪರಮಾಣುವಿನ ತೂಕ 1 ಎಂದು ಹಿಡಿದರೆ ನೀರಿನ ಅಣುವಿನ ತೂಕ 18, ನಾವು ತಿನ್ನುವ ಸಕ್ಕರೆಯದು 342. ಜರ್ಮನಿಯ ಮಹಾ ವಿಜ್ಞಾನಿ ಎಮಿಲ್ ಫಿಷರ್ ಬಹಳ ಪ್ರಯಾಸದಿಂದ ಒಂದೊಂದೇ ತುಂಡು ಜೋಡಿಸಿ 4,021 ಅಣುತೂಕದ ಒಂದು ಸಂಯುಕ್ತವನ್ನು ತಯಾರಿಸಿದ್ದ. ನಿಸರ್ಗದಲ್ಲೂ ಇದಕ್ಕಿಂತ ಬಹಳ ದೊಡ್ಡ ಅಣುಗಳು ಇರಲಾರವು ಎಂದು ಆತ ಭಾವಿಸಿದ್ದ. ಹಿರಿಯನ ಅಭಿಪ್ರಾಯ ಕಿರಿಯರಿಗೆ ನಿಯಮವಾಯಿತು.

ಹಾಗಾದರೆ ರಬ್ಬರ್ ಯಾಕೆ ಹಿಗ್ಗುತ್ತದೆ? ಹತ್ತಿಯ ನೂಲು ಯಾಕೆ ಸುಲಭವಾಗಿ ಹರಿಯುವುದಿಲ್ಲ? ಆ ಕಾಲದ ಉತ್ತರ ಹೀಗಿತ್ತು: ಇವೆಲ್ಲ ಸಣ್ಣ ಅಣುಗಳೇ, ಆದರೆ ಯಾವುದೋ ದುರ್ಬಲ ಆಕರ್ಷಣೆಯಿಂದ ಗುಂಪುಗೂಡಿವೆ. ಸಾಬೂನು ನೀರಿನಲ್ಲಿ ಕರಗಿದಾಗ ಅದರ ಸಣ್ಣ ಅಣುಗಳು ಗೊಂಚಲು ಗೊಂಚಲಾಗಿ ತೇಲುತ್ತವೆ. ಇಂಥ ದ್ರವಗಳಿಗೆ ಕಲಿಲ ಎಂದು ಹೆಸರು. ರಬ್ಬರ್, ಪಿಷ್ಟ, ಪ್ರೋಟೀನುಗಳೂ ಅದೇ ಜಾತಿಯವು ಎಂದು ಬಹುಪಾಲು ವಿಜ್ಞಾನಿಗಳು ನಂಬಿದ್ದರು. ಅವುಗಳ ಅಣುತೂಕ ಅಳೆಯಲು ಹೋದಾಗ ಸಾವಿರ, ಲಕ್ಷಗಳಲ್ಲಿ ಅಂಕೆ ಬಂದರೆ ಅಳತೆಯ ವಿಧಾನವೇ ಇಂಥ ವಸ್ತುಗಳಿಗೆ ಹೊಂದುವುದಿಲ್ಲ ಎಂದು ತಳ್ಳಿಹಾಕುತ್ತಿದ್ದರು.

1920ರಲ್ಲಿ ಜರ್ಮನ್ ರಸಾಯನ ಸಂಘದ ಪತ್ರಿಕೆಯಲ್ಲಿ ಸ್ಟೌಡಿಂಗರ್ ‘ಪಾಲಿಮರೀಕರಣದ ಬಗ್ಗೆ’ ಎಂಬ ಲೇಖನ ಪ್ರಕಟಿಸಿದ. ಅದರ ವಾದ ಸರಳ. ಗುಂಪೂ ಇಲ್ಲ, ಗೊಂಚಲೂ ಇಲ್ಲ. ನೀರಿನ ಅಣುವಿನಲ್ಲಿ ಆಮ್ಲಜನಕ, ಜಲಜನಕಗಳನ್ನು ಹಿಡಿದಿಟ್ಟಿರುವ ಬಂಧದಂಥದೇ ಗಟ್ಟಿ ಬಂಧದಿಂದ ನೂರಾರು, ಸಾವಿರಾರು ಸಣ್ಣ ತುಂಡುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದ ಸರಪಳಿಯಾಗಿವೆ. ಆ ಇಡೀ ಸರಪಳಿ ಒಂದೇ ಅಣು. ರಬ್ಬರಿನ ಸರಪಳಿಯಲ್ಲಿ ಐಸೊಪ್ರೀನ್ ಎಂಬ ತುಂಡು ಮರಳಿ ಮರಳಿ ಬರುತ್ತದೆ; ಹತ್ತಿಯ ಸೆಲ್ಯುಲೋಸಿನಲ್ಲಿ ಗ್ಲೂಕೋಸ್.

ಒಂದು ಸರಳ ಪರೀಕ್ಷೆ

ಹೇಳುವುದು ಸುಲಭ, ತೋರಿಸುವುದು ಕಷ್ಟ. ಸ್ಟೌಡಿಂಗರ್‌ನ ಹೆಚ್ಚುಗಾರಿಕೆ ಇರುವುದು ಎದುರಾಳಿಯ ವಾದವನ್ನೇ ಒರೆಗೆ ಹಚ್ಚುವ ಪ್ರಯೋಗಗಳನ್ನು ಯೋಚಿಸಿದ್ದರಲ್ಲಿ.

ರಬ್ಬರಿನ ಬಗ್ಗೆ ಆಗ ಕಾರ್ಲ್ ಹ್ಯಾರೀಸ್ ಎಂಬಾತನ ಮಾತು ನಡೆಯುತ್ತಿತ್ತು. ರಬ್ಬರ್ ಅಂದರೆ ಸಣ್ಣ ಬಳೆಯಾಕಾರದ ಅಣುಗಳು. ಆ ಬಳೆಗಳಲ್ಲಿ ಇಂಗಾಲದ ಪರಮಾಣುಗಳ ನಡುವೆ ಜೋಡಿಬಂಧಗಳಿವೆ. ಜೋಡಿಬಂಧಗಳಲ್ಲಿ ಮಿಕ್ಕುಳಿದ ಆಕರ್ಷಣೆ ಬಳೆಗಳನ್ನು ಒಂದಕ್ಕೊಂದು ಅಂಟಿಸಿದೆ ಎಂದು ಆತ ಹೇಳಿದ್ದ. ಹಾಗಿದ್ದರೆ ಆ ಜೋಡಿಬಂಧಗಳಿಗೆ ಜಲಜನಕ ತುಂಬಿಬಿಟ್ಟರೆ ಏನಾಗಬೇಕು? ಅಂಟು ಹೋಗಬೇಕು, ಗುಂಪು ಚದುರಬೇಕು, ಕಾಯಿಸಿದರೆ ಆವಿಯಾಗುವ ಸಾಧಾರಣ ಎಣ್ಣೆಯಂಥ ದ್ರವ ಸಿಗಬೇಕು. ಸ್ಟೌಡಿಂಗರ್ ತನ್ನ ಸಹಾಯಕ ಫ್ರಿಚಿಯ ಜೊತೆ ಸೇರಿ ಅದನ್ನೇ ಮಾಡಿದ. ಜಲಜನಕ ತುಂಬಿದ ರಬ್ಬರ್ ಆವಿಯಾಗಲಿಲ್ಲ. ಕರಗಿಸಿದರೆ ಮೊದಲಿನಂತೆಯೇ ಮಂದವಾದ ದ್ರವ. ಅಂಟು ತೆಗೆದರೂ ಗುಂಪು ಚದುರಲಿಲ್ಲ, ಏಕೆಂದರೆ ಅದು ಗುಂಪೇ ಆಗಿರಲಿಲ್ಲ. 1922ರ ಆ ಪ್ರಬಂಧದಲ್ಲಿ ಇಂಥ ಅಣುಗಳಿಗೆ ‘ಬೃಹದಣು’ ಎಂಬರ್ಥದ ಹೆಸರನ್ನು ಆತ ಮೊದಲ ಬಾರಿಗೆ ಬಳಸಿದ.

ಇಷ್ಟಾದರೂ ಜನ ಒಪ್ಪಲಿಲ್ಲ. ಎದುರು ವಾದಕ್ಕೆ ಕ್ಷಕಿರಣಗಳ ಬಲವೂ ಸಿಕ್ಕಿತ್ತು. ಸೆಲ್ಯುಲೋಸಿನ ಮೇಲೆ ಕ್ಷಕಿರಣ ಹಾಯಿಸಿದಾಗ ಒಳಗಿನ ಜೋಡಣೆಯಲ್ಲಿ ಮರಳಿ ಮರಳಿ ಬರುವ ಒಂದು ಸಣ್ಣ ಚೌಕಟ್ಟು ಕಾಣುತ್ತಿತ್ತು. ಚೌಕಟ್ಟೇ ಇಷ್ಟು ಚಿಕ್ಕದಿರುವಾಗ ಅಣು ಅದಕ್ಕಿಂತ ದೊಡ್ಡದಿರಲು ಹೇಗೆ ಸಾಧ್ಯ ಎಂದು ಸ್ಫಟಿಕ ವಿಜ್ಞಾನಿಗಳು ಕೇಳುತ್ತಿದ್ದರು. ಸೀರೆಯ ಅಂಚಿನಲ್ಲಿ ಮರುಕಳಿಸುವ ಒಂದು ಹೂವಿನ ಅಗಲವನ್ನು ಅಳೆದು, ಸೀರೆಯೂ ಅಷ್ಟೇ ಉದ್ದ ಎಂದು ತೀರ್ಮಾನಿಸಿದಂತೆ ಅದು. ಆದರೆ ಅಂದಿಗೆ ಆ ತಪ್ಪು ಯಾರಿಗೂ ತಪ್ಪೆಂದು ತೋರಿರಲಿಲ್ಲ.

ವೋರ್ಮ್ಸ್‌ನ ಮಾತು

1925ರಲ್ಲಿ ಜ್ಯೂರಿಕ್‌ನ ರಸಾಯನ ವಿಜ್ಞಾನಿಗಳ ಸಂಘದಲ್ಲಿ ಸ್ಟೌಡಿಂಗರ್ ಉಪನ್ಯಾಸ ಕೊಟ್ಟ. ಊರಿನ ದೊಡ್ಡ ವಿದ್ವಾಂಸರೆಲ್ಲ ಕುಳಿತಿದ್ದರು. ಒಬ್ಬೊಬ್ಬರಾಗಿ ಎದ್ದು ಖಂಡಿಸಿದರು. ಖನಿಜ ವಿಜ್ಞಾನಿ ಪಾಲ್ ನಿಗ್ಲಿ ಎದ್ದು, ಇಂಥದ್ದು ಇರಲು ಸಾಧ್ಯವೇ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಸಭೆ ಗದ್ದಲದಲ್ಲಿ ಕೊನೆಗೊಂಡಿತು. ಕಡೆಗೆ ಸ್ಟೌಡಿಂಗರ್ ಮಾರ್ಟಿನ್ ಲೂಥರ್‌ನದೆಂದು ಹೆಸರಾದ ಮಾತನ್ನೇ ಉತ್ತರವಾಗಿ ಹೇಳಿದನಂತೆ: ನಾನು ನಿಂತಿರುವುದು ಇಲ್ಲೇ, ಬೇರೆ ರೀತಿ ನನ್ನಿಂದಾಗದು. 1521ರಲ್ಲಿ ಲೂಥರ್ ಆ ಮಾತು ಹೇಳಿದನೆನ್ನುವ ಊರು ವೋರ್ಮ್ಸ್, ಸ್ಟೌಡಿಂಗರ್ ಹುಟ್ಟಿದ ಊರೇ.

ಮರುವರ್ಷ ಆತ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ಆತನಿಗೆ ಸಿಕ್ಕಿದ್ದು ಮ್ಯೂನಿಕ್‌ಗೆ ತೆರಳಿದ್ದ ವೀಲಾಂಡ್‌ನ ಪೀಠ! ಅದೇ 1926ರ ಸೆಪ್ಟೆಂಬರಿನಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ಜರ್ಮನ್ ವಿಜ್ಞಾನಿಗಳ ಮಹಾಸಭೆ. ಅಧ್ಯಕ್ಷ ಸ್ಥಾನದಲ್ಲಿ ವಿಲ್‌ಸ್ಟೇಟರ್. ಸಣ್ಣ ಅಣುಗಳ ಪರವಾಗಿ ಮ್ಯಾಕ್ಸ್ ಬರ್ಗ್‌ಮನ್, ಹಾನ್ಸ್ ಪ್ರಿಂಗ್ಸ್‌ಹೈಮ್ ಮಾತಾಡಿದರು. ಹರ್ಮನ್ ಮಾರ್ಕ್ ಎಂಬ ತರುಣ ಕ್ಷಕಿರಣ ತಜ್ಞ, ಚೌಕಟ್ಟು ಚಿಕ್ಕದಿದ್ದರೂ ಅಣು ಅದನ್ನು ದಾಟಿ ಬೆಳೆದಿರಲು ಅಡ್ಡಿಯಿಲ್ಲ ಎಂದು ವಿವರಿಸಿದ. ಉದ್ದ ಅಣುಗಳ ಪರ ನಿಂತು ವಾದಿಸಿದವನು ಸ್ಟೌಡಿಂಗರ್ ಒಬ್ಬನೇ. ಒಂದು ಲಕ್ಷ ತೂಕದ ಅಣುವನ್ನು ನೆನೆದರೆ ಭಯವಾಗುತ್ತದೆ, ಆದರೆ ಮೆಲ್ಲಗೆ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೇನೋ ಎಂಬರ್ಥದ ಮಾತನ್ನು ವಿಲ್‌ಸ್ಟೇಟರ್ ಆಡಿದ್ದಾಗಿ ಮಾರ್ಕ್ ಮುಂದೆ ನೆನಪಿಸಿಕೊಂಡಿದ್ದಾನೆ. ಗೋಡೆಯಲ್ಲಿ ಮೊದಲ ಬಿರುಕು ಅದು.

ಗಾಜಿನ ನಳಿಕೆಯ ಸಾಕ್ಷ್ಯ

ಸ್ವೀಡನ್ನಿನ ಉಪ್ಸಾಲಾದಲ್ಲಿ ತಿಯೊಡೋರ್ ಸ್ವೆಡ್‌ಬರ್ಗ್ ಅತಿವೇಗದಲ್ಲಿ ತಿರುಗುವ ದುಬಾರಿ ಯಂತ್ರವೊಂದನ್ನು ನಿರ್ಮಿಸಿ ರಕ್ತದ ಹಿಮೋಗ್ಲೋಬಿನ್ ಅಣುವಿನ ತೂಕ 60,000ಕ್ಕೂ ಮಿಗಿಲೆಂದು ತೋರಿಸಿದ. ಇದು ಸ್ಟೌಡಿಂಗರ್‌ಗೆ ದೊಡ್ಡ ಬಲ. ಆದರೆ ತನ್ನ ಪ್ರಯೋಗಾಲಯದಲ್ಲಿ ಆತ ನೆಚ್ಚಿಕೊಂಡ ಉಪಕರಣ ಅಗ್ಗದ್ದು: ಕೂದಲೆಳೆಯಷ್ಟು ಸಣ್ಣ ರಂಧ್ರದ ಒಂದು ಗಾಜಿನ ನಳಿಕೆ. ದ್ರಾವಣವೊಂದು ಆ ನಳಿಕೆಯಲ್ಲಿ ಇಳಿಯಲು ಎಷ್ಟು ಸೆಕೆಂಡು ಬೇಕು ಎಂದು ಗಡಿಯಾರ ಹಿಡಿದು ನೋಡುವುದೇ ಅಳತೆ.

ಅದರ ಹಿಂದಿನ ತರ್ಕ ಹೀಗಿದೆ. ಒಂದು ಬಕೆಟ್ ನೀರಿಗೆ ನೂಲಿನ ಚೂರುಗಳನ್ನು ಹಾಕಿ ಕಲಕಿದರೆ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಅಷ್ಟೇ ತೂಕದ ನೂಲನ್ನು ಕತ್ತರಿಸದೆ ಮಾರುದ್ದದ ಎಳೆಗಳಾಗಿ ಹಾಕಿದರೆ ಕಲಕುವುದು ಕಷ್ಟ. ಹಾಗೆಯೇ, ಕರಗಿರುವ ವಸ್ತುವಿನ ಪ್ರಮಾಣ ಅಷ್ಟೇ ಇದ್ದು ಅಣುಗಳು ಉದ್ದವಾದಷ್ಟೂ ದ್ರಾವಣ ಮಂದವಾಗುತ್ತದೆ, ನಿಧಾನವಾಗಿ ಹರಿಯುತ್ತದೆ. ಇದನ್ನು ಸ್ಟೌಡಿಂಗರ್ 1930ರಲ್ಲಿ ಒಂದು ಸೂತ್ರವಾಗಿ ಮಂಡಿಸಿದ. ಅಲ್ಲಿಯವರೆಗೆ ಊಹೆಯ ವಿಷಯವಾಗಿದ್ದ ಅಣುವಿನ ಉದ್ದ ಸಾಮಾನ್ಯ ಪ್ರಯೋಗಾಲಯದಲ್ಲೂ ಅಳೆಯಬಹುದಾದ ಸಂಗತಿಯಾಯಿತು. ಕಾರ್ಖಾನೆಗಳಿಗೂ ಅದು ವರವಾಯಿತು.

ಇನ್ನೊಂದು ಸಾಕ್ಷ್ಯವನ್ನೂ ಆತ ಒದಗಿಸಿದ. ಸೆಲ್ಯುಲೋಸನ್ನು ರಾಸಾಯನಿಕವಾಗಿ ಬದಲಿಸಿ ಬೇರೊಂದು ವಸ್ತು ಮಾಡಿದ, ಅದನ್ನು ಮತ್ತೆ ಸೆಲ್ಯುಲೋಸ್ ಮಾಡಿದ. ಸರಪಳಿಯ ಕೊಂಡಿಗಳ ಸಂಖ್ಯೆ ಅಷ್ಟಕ್ಕಷ್ಟೇ ಉಳಿದಿತ್ತು. ಬರೀ ಗುಂಪಾಗಿದ್ದರೆ ವಸ್ತು ಬದಲಾದಾಗಲೆಲ್ಲ ಗುಂಪಿನ ಗಾತ್ರವೂ ಬದಲಾಗಬೇಕಿತ್ತು. 1932ರಲ್ಲಿ ಆತ ರಬ್ಬರ್ ಮತ್ತು ಸೆಲ್ಯುಲೋಸ್ ಕುರಿತ ತನ್ನ ದೊಡ್ಡ ಗ್ರಂಥ ಪ್ರಕಟಿಸುವ ಹೊತ್ತಿಗೆ ಎದುರಾಳಿಗಳ ದನಿ ಕುಗ್ಗಿತ್ತು.

ಅದೇ ವೇಳೆಗೆ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋದರ್ಸ್ ಇನ್ನೊಂದು ತುದಿಯಿಂದ ಇದೇ ಸತ್ಯವನ್ನು ತಲುಪುತ್ತಿದ್ದ. ಸ್ಟೌಡಿಂಗರ್ ಇದ್ದ ಸರಪಳಿಯನ್ನು ಪರೀಕ್ಷಿಸಿದರೆ, ಕರೋದರ್ಸ್ ಎಲ್ಲರೂ ಬಲ್ಲ ಸಾಧಾರಣ ಕ್ರಿಯೆಗಳಿಂದ ಕೊಂಡಿಗೆ ಕೊಂಡಿ ಸೇರಿಸಿ ಹೊಸ ಸರಪಳಿ ಕಟ್ಟಿದ. 1930ರಲ್ಲಿ ಆತನ ತಂಡ 10,000ಕ್ಕೂ ಹೆಚ್ಚು ಅಣುತೂಕದ ಎಳೆಗಳನ್ನು ತೆಗೆಯಿತು. 1935ರಲ್ಲಿ ನೈಲಾನ್ ಬಂತು. ಖಿನ್ನತೆಯಿಂದ ಬಳಲುತ್ತಿದ್ದ ಕರೋದರ್ಸ್ 1937ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ನೈಲಾನ್ ಮಾರುಕಟ್ಟೆಗೆ ಬಂದದ್ದನ್ನು ಆತ ನೋಡಲಿಲ್ಲ.

ಯುದ್ಧದ ಲೆಕ್ಕ

ಬಹುಮತದ ಎದುರು ಒಬ್ಬನೇ ನಿಲ್ಲುವುದು ಸ್ಟೌಡಿಂಗರ್‌ಗೆ ಹೊಸದಾಗಿರಲಿಲ್ಲ. ರಬ್ಬರಿನ ಜಗಳಕ್ಕೆ ಮೊದಲೇ ಆತ ಇನ್ನೊಂದು, ಹೆಚ್ಚು ಅಪಾಯದ ಜಗಳಕ್ಕೆ ಇಳಿದಿದ್ದ.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಬಿಟ್ಟಿತು. ಆ ವಿಷಾನಿಲ ಯುದ್ಧದ ಸೂತ್ರಧಾರ ಫ್ರಿಟ್ಜ್ ಹೇಬರ್, ಕಾರ್ಲ್ಸ್‌ರೂನಲ್ಲಿ ಸ್ಟೌಡಿಂಗರ್‌ನ ಸಹೋದ್ಯೋಗಿಯಾಗಿದ್ದವನು. ದೇಶದ ದೊಡ್ಡ ದೊಡ್ಡ ವಿಜ್ಞಾನಿಗಳು ಯುದ್ಧದ ಉತ್ಸಾಹದಲ್ಲಿದ್ದಾಗ ತಟಸ್ಥ ಸ್ವಿಟ್ಜರ್ಲೆಂಡಿನಲ್ಲಿದ್ದ ಸ್ಟೌಡಿಂಗರ್ ಲೆಕ್ಕ ಹಾಕಲು ಕುಳಿತ. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಎರಡು ಪಕ್ಷಗಳ ಯಂತ್ರಶಕ್ತಿಯನ್ನು ಹೋಲಿಸಿ, ಜರ್ಮನಿ ಗೆಲ್ಲಲಾರದು, ಆದ್ದರಿಂದ ಸಂಧಿ ಮಾಡಿಕೊಳ್ಳಬೇಕು ಎಂದು 1917ರಲ್ಲಿ ಬರೆದ. ಆಧುನಿಕ ತಂತ್ರಜ್ಞಾನ ಯುದ್ಧದ ಸ್ವರೂಪವನ್ನೇ ಬದಲಿಸಿಬಿಟ್ಟಿದೆ, ವಿಷಾನಿಲದ ದಾರಿಯಲ್ಲಿ ಮುಂದುವರಿದರೆ ಮುಂದಿನ ಯುದ್ಧ ಇನ್ನೂ ಘೋರವಾಗುತ್ತದೆ ಎಂದು ಎಚ್ಚರಿಸಿದ. 1919ರಲ್ಲಿ ರೆಡ್ ಕ್ರಾಸ್ ಸಂಸ್ಥೆಯ ಪತ್ರಿಕೆಯಲ್ಲೂ ಈ ಬಗ್ಗೆ ಆತನ ಲೇಖನ ಬಂತು.

ಹೇಬರ್ ಸಿಟ್ಟಾದ. ದೇಶ ಅತ್ಯಂತ ಕಷ್ಟದಲ್ಲಿರುವಾಗ ಬೆನ್ನಿಗೆ ಚೂರಿ ಹಾಕಿದೆ ಎಂದು ಆರೋಪಿಸಿದ. ಇದು ಇಬ್ಬರು ವಿಜ್ಞಾನಿಗಳ ಖಾಸಗಿ ಮುನಿಸಾಗಿ ಮುಗಿಯಲಿಲ್ಲ. ಸೋತ ಜರ್ಮನಿಯಲ್ಲಿ ‘ಬೆನ್ನಿಗೆ ಚೂರಿ’ ಎಂಬುದು ರಾಜಕೀಯದ ವಿಷದ ಮಾತಾಗಿ ಬೆಳೆಯುತ್ತಿತ್ತು. ಫ್ರೈಬರ್ಗಿಗೆ ಬರುವಾಗಲೂ ಸ್ಟೌಡಿಂಗರ್ ತನ್ನ ಯುದ್ಧಕಾಲದ ನಿಲುವಿಗೆ ವಿವರಣೆ ಕೊಡಬೇಕಾಯಿತು.

ರೆಕ್ಟರ್ ಬರೆದ ಪತ್ರ

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಮೂಲದ ಹೇಬರ್ ತಾನು ಪ್ರಾಣಕ್ಕಿಂತ ಹೆಚ್ಚೆಂದು ಸೇವೆ ಮಾಡಿದ ದೇಶವನ್ನು ಬಿಟ್ಟು ಹೋಗಿ 1934ರ ಜನವರಿಯಲ್ಲಿ ಪರದೇಶದಲ್ಲಿ ತೀರಿಕೊಂಡ. ಫ್ರೈಬರ್ಗ್ ವಿಶ್ವವಿದ್ಯಾಲಯದ ರೆಕ್ಟರ್ ಆಗಿ, ಅಂದರೆ ಮುಖ್ಯಸ್ಥನಾಗಿ, ಪ್ರಸಿದ್ಧ ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗರ್ ಬಂದ. ಆತ ನಾಜಿ ಪಕ್ಷ ಸೇರಿದ್ದ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಡೆಗರ್ ಸ್ಟೌಡಿಂಗರ್‌ನ ಹಳೆಯ ಕಥೆಯನ್ನು ಸರ್ಕಾರದ ಕಿವಿಗೆ ಹಾಕಿದ. ಗುಪ್ತ ಪೊಲೀಸ್ ದಳ ಗೆಸ್ಟಪೊ ಕಡತ ತೆರೆದು ವಿಚಾರಣೆ ನಡೆಸಿತು. ಯುದ್ಧಕಾಲದಲ್ಲಿ ದೇಶಕ್ಕೆ ನಿಷ್ಠನಾಗಿರಲಿಲ್ಲ, ಸ್ವಿಸ್ ಪೌರತ್ವ ಬಯಸಿದ್ದ ಎಂಬುವು ಆಪಾದನೆಗಳು. 1934ರ ಫೆಬ್ರುವರಿ 10ರಂದು ಹೈಡೆಗರ್ ಕೊಟ್ಟ ಅಭಿಪ್ರಾಯ, ಈತನಿಗೆ ನಿವೃತ್ತಿ ಕೊಡುವುದಲ್ಲ, ಕೆಲಸದಿಂದ ವಜಾ ಮಾಡುವುದೇ ಸರಿ ಎಂಬುದಾಗಿತ್ತು. ಹೊರದೇಶಗಳಲ್ಲಿ ಸ್ಟೌಡಿಂಗರ್‌ಗಿದ್ದ ಹೆಸರನ್ನು ನೆನೆದು ಮಾರ್ಚ್‌ನಲ್ಲಿ ಆತ ಸ್ವಲ್ಪ ಮೆತ್ತಗಾದ. ಕೊನೆಗೆ ಸ್ಟೌಡಿಂಗರ್‌ನಿಂದ ರಾಜೀನಾಮೆ ಪತ್ರ ಬರೆಸಿಕೊಂಡು, ಅದನ್ನು ಅಧಿಕಾರಿಗಳು ತಮ್ಮ ಬಳಿ ಇಟ್ಟುಕೊಂಡರು. ಆರು ತಿಂಗಳು ತಪ್ಪು ನಡೆಯದಿದ್ದರೆ ಜಾರಿ ಮಾಡುವುದಿಲ್ಲ ಎಂಬುದು ಕರಾರು.

ಹಾಗಾಗಿ ಆತ ಉಳಿದ. ಆದರೆ ಬೆಲೆ ತೆರದೆ ಅಲ್ಲ. ಒಂದು ಕಾಲಕ್ಕೆ ಸೇನೆಯ ಲೆಕ್ಕವನ್ನೇ ಪ್ರಶ್ನಿಸಿದ್ದ ಮನುಷ್ಯ ಈಗ ರಸಾಯನ ವಿಜ್ಞಾನದಿಂದ ಜರ್ಮನ್ ಜನರಿಗೆ ಎಷ್ಟು ಉಪಕಾರವಿದೆ ಎಂಬ, ಆಡಳಿತದ ಕಿವಿಗೆ ಹಿತವಾದ ಲೇಖನ ಬರೆದ. ರಾಜಕೀಯದಲ್ಲಿ ಬಾಯಿ ಮುಚ್ಚಿಕೊಂಡು ಪ್ರಯೋಗಾಲಯಕ್ಕೆ ಸೀಮಿತನಾದ. ವಿದೇಶ ಪ್ರವಾಸಕ್ಕೂ ನಿರ್ಬಂಧ ಬಿತ್ತು. ಈ ಕಡತದ ಕಥೆ ಹೊರಬಂದು ಚರ್ಚೆಯಾದದ್ದು 1980ರ ದಶಕದಲ್ಲಿ, ಇತಿಹಾಸಕಾರ ಹ್ಯೂಗೊ ಓಟ್ ನಡೆಸಿದ ಶೋಧನೆಯಿಂದ. ಆ ಹೊತ್ತಿಗೆ ಸ್ಟೌಡಿಂಗರ್, ಹೈಡೆಗರ್ ಇಬ್ಬರೂ ಇರಲಿಲ್ಲ.

ವಕೀಲನ ತಪ್ಪು

ಹಟ ಎಂಬುದು ಎರಡು ಅಲಗಿನ ಕತ್ತಿ. ಸರಪಳಿ ಇದೆ ಎಂಬ ವಿಷಯದಲ್ಲಿ ಸ್ಟೌಡಿಂಗರ್‌ನ ಹಟ ಸರಿಯಾಗಿತ್ತು. ಸರಪಳಿ ಹೇಗಿದೆ ಎಂಬ ವಿಷಯದಲ್ಲಿ ಅದೇ ಹಟ ತಪ್ಪಿತು. ದ್ರಾವಣದಲ್ಲಿ ಈ ಅಣುಗಳು ಕಡ್ಡಿಯಂತೆ ನೆಟ್ಟಗೆ, ಬಿಗಿಯಾಗಿ ಇರುತ್ತವೆ ಎಂದು ಆತ ನಂಬಿದ್ದ. ಇಲ್ಲ, ಅವು ಹಗ್ಗದಂತೆ ಬಳುಕುತ್ತವೆ, ಸುರುಳಿ ಸುತ್ತಿಕೊಳ್ಳುತ್ತವೆ ಎಂದು ಮಾರ್ಕ್, ಕುರ್ಟ್ ಮೆಯರ್, ವರ್ನರ್ ಕೂನ್ ಮುಂತಾದವರು ಹೇಳಿದರು. ಎಳೆದ ರಬ್ಬರ್ ಬಿಟ್ಟೊಡನೆ ಹಿಂದಕ್ಕೆ ಹೋಗುವುದು ಆ ಸುರುಳಿಗಳಿಂದಲೇ. ಗಾಜಿನ ನಳಿಕೆಯ ಸೂತ್ರಕ್ಕೂ ಆ ಮೇಲೆ ತಿದ್ದುಪಡಿ ಬೇಕಾಯಿತು. ಒಂದು ಕಾಲಕ್ಕೆ ತನ್ನ ಮಾತಿಗೆ ಕಿವಿಗೊಡದವರ ಬಗ್ಗೆ ನೊಂದಿದ್ದ ಸ್ಟೌಡಿಂಗರ್ ಈ ಕಿರಿಯರ ಮಾತಿಗೆ ಕಿವಿಗೊಡಲಿಲ್ಲ. ಮೆಯರ್, ಮಾರ್ಕ್ ಜೊತೆ ಯಾರು ಮೊದಲು ಹೇಳಿದ್ದು ಎಂಬ ಕಹಿ ಜಗಳವೂ ನಡೆಯಿತು.

ಆದರೂ ಆತನ ಕೆಲಸ ನಿಲ್ಲಲಿಲ್ಲ. 1940ರಲ್ಲಿ ಫ್ರೈಬರ್ಗಿನಲ್ಲಿ ಬೃಹದಣುಗಳಿಗೆಂದೇ ಒಂದು ಸಂಶೋಧನಾ ವಿಭಾಗ ಆರಂಭವಾಯಿತು. 1944ರ ನವೆಂಬರ್ 27ರ ರಾತ್ರಿ ಬ್ರಿಟಿಷ್ ವಿಮಾನಗಳು ಫ್ರೈಬರ್ಗ್ ಮೇಲೆ ಬಾಂಬ್ ಹಾಕಿದಾಗ ಆತನ ಪ್ರಯೋಗಾಲಯ ನೆಲಸಮವಾಯಿತು. ಆಗ ಆತನ ವಯಸ್ಸು 63. ಅವಶೇಷಗಳ ನಡುವಿನಿಂದ ಮತ್ತೆ ಆರಂಭಿಸಿ 1947ರಲ್ಲಿ ಬೃಹದಣುಗಳ ವಿಜ್ಞಾನಕ್ಕೆ ಮೀಸಲಾದ ಪತ್ರಿಕೆಯನ್ನು ಹೊರತಂದ.

ಮರಳಿ ಗಿಡಗಳ ಬಳಿಗೆ

ಈ ಎಲ್ಲ ವರ್ಷಗಳಲ್ಲಿ ಆತನ ಜೊತೆಗಿದ್ದವಳು ಎರಡನೆಯ ಪತ್ನಿ ಮಾಗ್ಡಾ. ಲಾಟ್ವಿಯಾ ದೇಶದವಳಾದ ಆಕೆ ಸಸ್ಯ ವಿಜ್ಞಾನಿ. ಆತನ ಅನೇಕ ಪ್ರಬಂಧಗಳ ಸಹಲೇಖಕಿ. ಸೆಲ್ಯುಲೋಸ್, ಪಿಷ್ಟ, ಪ್ರೋಟೀನುಗಳು ಬದುಕಿರುವ ಜೀವಿಯಲ್ಲಿ ಮಾಡುವ ಕೆಲಸವೇನು ಎಂಬ ಪ್ರಶ್ನೆಯತ್ತ ಆತನ ಗಮನ ಹರಿದುದರಲ್ಲಿ ಆಕೆಯ ಪಾತ್ರ ದೊಡ್ಡದು. ಗಿಡಗಳನ್ನು ತಿಳಿಯಲೆಂದು ರಸಾಯನ ವಿಜ್ಞಾನಕ್ಕೆ ಬಂದ ಹುಡುಗ ಹೀಗೆ ಸುತ್ತು ಬಳಸಿ ಗಿಡಗಳ ಬಳಿಗೇ ಮರಳಿದ. 1947ರಲ್ಲಿ ಬೃಹದಣುಗಳು ಮತ್ತು ಜೀವವಿಜ್ಞಾನ ಕುರಿತು ಆತ ಪುಸ್ತಕ ಬರೆದ. ಜೀವದ ಗುಟ್ಟು ಇರುವುದು ಈ ದೊಡ್ಡ ಅಣುಗಳಲ್ಲೇ ಎಂಬುದು ಆತನ ದೃಢ ನಂಬಿಕೆ.

1953ರಲ್ಲಿ, 72ನೆಯ ವಯಸ್ಸಿನಲ್ಲಿ, ಸ್ಟೌಡಿಂಗರ್‌ಗೆ ನೊಬೆಲ್ ಬಂತು. ಪಾಲಿಮರ್ ಪದದ ಬಗ್ಗೆ ಜನ ನಗುತ್ತಿದ್ದ ಕಾಲ ಎಂದೋ ಮುಗಿದಿತ್ತು. ಪಾಲಿಥಿನ್, ಪಿವಿಸಿ, ನೈಲಾನ್, ಟೆರಿಲೀನ್‌ಗಳು ಕಾರ್ಖಾನೆಗಳಿಂದ ಹರಿದುಬರುತ್ತಿದ್ದವು. ಅದೇ 1953ರಲ್ಲಿ ಕೇಂಬ್ರಿಜ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯನ್ನು ಪ್ರಕಟಿಸಿದರು. ತಲೆಮಾರಿನಿಂದ ತಲೆಮಾರಿಗೆ ಗುಣಗಳನ್ನು ಒಯ್ಯುವ ಆ ವಸ್ತು ಒಂದು ಅತ್ಯಂತ ಉದ್ದದ ಸರ್ವಸಾಧಾರಣ ಬಂಧಗಳ ಸರಪಳಿ. ಇರಲಾರದೆಂದು ಹಿರಿಯರು ಹೇಳಿದ್ದ ಬಗೆಯ ಅಣುವೇ ಜೀವದ ಲಿಪಿಯಾಗಿ ಕುಳಿತಿತ್ತು.

1965ರ ಸೆಪ್ಟೆಂಬರ್ 8ರಂದು ಫ್ರೈಬರ್ಗಿನಲ್ಲಿ ಸ್ಟೌಡಿಂಗರ್ ತೀರಿಕೊಂಡ. ಗಂಡನ ಬರಹಗಳನ್ನೆಲ್ಲ ಸಂಪುಟಗಳಾಗಿ ಹೊರತಂದ ಮಾಗ್ಡಾ 1997ರವರೆಗೆ ಬದುಕಿದ್ದಳು. 1999ರಲ್ಲಿ ಅಮೆರಿಕ ಮತ್ತು ಜರ್ಮನಿಯ ರಸಾಯನ ವಿಜ್ಞಾನ ಸಂಘಗಳು ಆತ ಕೆಲಸ ಮಾಡಿದ ಫ್ರೈಬರ್ಗ್ ಸಂಸ್ಥೆಯನ್ನು ಐತಿಹಾಸಿಕ ತಾಣವೆಂದು ಘೋಷಿಸಿದವು. 2020ರಲ್ಲಿ ಆತನ ಮೊದಲ ಲೇಖನಕ್ಕೆ ನೂರು ತುಂಬಿತು.

ಈ ನೂರು ವರ್ಷಗಳಲ್ಲಿ ಆತನ ಸರಪಳಿ ಒಂದು ಹೊಸ ಸಮಸ್ಯೆಯನ್ನೂ ತಂದಿದೆ. ಬೀದಿ ಬದಿಯಲ್ಲಿ, ಕೆರೆಯ ದಡದಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಚೀಲ ವರ್ಷಗಟ್ಟಲೆ ಕರಗದೆ ಉಳಿಯುವುದಕ್ಕೆ ಕಾರಣ ಇಂಗಾಲದ ಕೊಂಡಿಗಳ ನಡುವಿನ ಗಟ್ಟಿ ಬಂಧ. ಅದು ದುರ್ಬಲ ಆಕರ್ಷಣೆಯಿಂದ ಕೂಡಿದ ಗುಂಪಲ್ಲ ಎಂದು ಸ್ಟೌಡಿಂಗರ್ ಹತ್ತಾರು ಸಭೆಗಳಲ್ಲಿ ವಾದಿಸಿದ್ದು ಇದನ್ನೇ. ಹತ್ತಿ, ಮರಗಳ ಸರಪಳಿಯನ್ನು ಬಿಡಿಸಬಲ್ಲ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿವೆ. ಮನುಷ್ಯ ಹೆಣೆದ ಸರಪಳಿಗಳನ್ನು ಬಿಡಿಸುವ ಬಗೆಯನ್ನು ಈಗ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಆ ಹುಡುಕಾಟ ಆರಂಭವಾಗುವುದೂ ಅದು ಸರಪಳಿ ಎಂದು ಒಪ್ಪಿಕೊಂಡ ಮೇಲೆಯೇ.

ವೀಲಾಂಡ್ ಕೆಟ್ಟವನಲ್ಲ, ನಿಗ್ಲಿ ದಡ್ಡನಲ್ಲ, ಫಿಷರ್ ಅಂತೂ ಮೇಧಾವಿ. ಅವರು ತಮಗೆ ಗೊತ್ತಿದ್ದುದರ ಗಡಿಯನ್ನೇ ನಿಸರ್ಗದ ಗಡಿ ಎಂದು ಎಣಿಸಿದರು. ಸ್ಟೌಡಿಂಗರ್ ಕೂಡ ಬಳುಕುವ ಅಣುಗಳ ವಿಷಯದಲ್ಲಿ ಅದೇ ತಪ್ಪು ಮಾಡಿದ. ವಿಜ್ಞಾನದಲ್ಲಿ ಕೊನೆಗೆ ತೀರ್ಪು ಕೊಡುವುದು ಹಿರಿತನವೂ ಅಲ್ಲ, ಹಟವೂ ಅಲ್ಲ. ಗಾಜಿನ ನಳಿಕೆಯಲ್ಲಿ ನಿಧಾನವಾಗಿ ಇಳಿಯುವ ಹನಿಯನ್ನು ಗಡಿಯಾರ ಹಿಡಿದು ತಾಳ್ಮೆಯಿಂದ ನೋಡುವವರು ಬೇಕು. ಸ್ಟೌಡಿಂಗರ್ ಹಾಗೆ ನೋಡಿದ್ದರಿಂದಲೇ ನಾವು ಉಡುವ ಬಟ್ಟೆ, ಉಣ್ಣುವ ಅನ್ನ, ನಮ್ಮ ಮೈಯ ಒಂದೊಂದು ಕಣ ಏನೆಂದು ನಮಗೆ ತಿಳಿಯಿತು.